ಇನ್ಸ್‌ಪೆಕ್ಟರ್ ಬಂದ ದಿನದ ಎರವಲು ವಿದ್ಯಾರ್ಥಿನಿ

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವುದು ತಾವೇ ಈಚೆಗೆ ಕಂಡುಹಿಡಿದ ದೊಡ್ಡ ಸಂಗತಿ ಎಂಬಂತೆ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಕೆಲವರು ಮಾತಾಡುತ್ತಾರೆ. ಮಗು ತನ್ನಷ್ಟಕ್ಕೆ ತಾನೇ ಕಲಿಯುತ್ತದಂತೆ, ದೊಡ್ಡವರು ಸುಮ್ಮನೆ ಪಕ್ಕದಲ್ಲಿದ್ದರೆ ಸಾಕಂತೆ. ಸುಮ್ಮನಿರುವ ದೊಡ್ಡವರನ್ನು ನಾನಂತೂ ಇನ್ನೂ ನೋಡಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ, ಈಗ ಸಹಕಾರನಗರವಾಗಿರುವ ಜಾಗದ ಸುತ್ತಮುತ್ತ ದ್ರಾಕ್ಷಿ ಚಪ್ಪರಗಳಿದ್ದ ಕಾಲದಲ್ಲಿ, ನಾನು ಮೂರು ವರ್ಷ ಮನೆಯಲ್ಲಿ ಓದಿದವಳು. ಅದಕ್ಕೆ ಮುಂಚೆ ನಾಲ್ಕು ವರ್ಷ ಸರ್ಕಾರಿ ಶಾಲೆಯಲ್ಲಿ ಕೂತವಳು. ಎರಡರ ರುಚಿಯನ್ನೂ ನೋಡಿದ್ದೇನೆ. ಎರಡರ ಮೇಲೂ ನನಗೆ ಹೇಳಿಕೊಳ್ಳುವಂಥ ಗೌರವವಿಲ್ಲ.

ಮೊದಲು ಶಾಲೆಯ ವಿಷಯ. ಯಲಹಂಕದ ಕಡೆ ಹೋಗುವ ದಾರಿಯಲ್ಲಿ ನಮ್ಮ ಹಳ್ಳಿ, ಹಳ್ಳಿಯ ಕೊನೆಗೆ ಹೆಂಚಿನ ಕಟ್ಟಡ, ಅದರಲ್ಲಿ ಏಳು ತರಗತಿ, ಇಬ್ಬರೇ ಮೇಷ್ಟ್ರು. ಇಬ್ಬರಲ್ಲಿ ಒಬ್ಬರು ಹೆಡ್‌ಮೇಷ್ಟ್ರು. ಅವರಿಗೆ ಬಾಗಲೂರಿನ ಹತ್ತಿರ ಜಮೀನಿತ್ತು. ದ್ರಾಕ್ಷಿಗೆ ಔಷಧಿ ಹೊಡೆಯುವ ದಿನಗಳಲ್ಲಿ ನಮಗೆ ಗಣಿತ ಇರುತ್ತಿರಲಿಲ್ಲ, ಹಣ್ಣು ಕೀಳುವ ದಿನಗಳಲ್ಲಿ ಯಾವ ಪಾಠವೂ ಇರುತ್ತಿರಲಿಲ್ಲ. ಉಳಿದ ದಿನ ಒಬ್ಬ ಹುಡುಗ ಎದ್ದು ನಿಂತು ಮಗ್ಗಿ ಕೂಗುತ್ತಿದ್ದ, ನಾವೆಲ್ಲ ಅದನ್ನೇ ತಿರುಗಿ ಕೂಗುತ್ತಿದ್ದೆವು, ಹೆಡ್‌ಮೇಷ್ಟ್ರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಹಗಲು ಹೊತ್ತಿನಲ್ಲೂ ಚಂದ್ರ ಕಾಣುತ್ತಾನಲ್ಲ ಸಾರ್, ಯಾಕೆ ಎಂದು ನಾನೊಮ್ಮೆ ಕೇಳಿದೆ. "ಕಂಡ್ರೆ ಕಾಣ್ಲಿ ಬುಡು, ನಿಂಗೇನ್ ಕಷ್ಟ?" ಎಂದರು. ನಾಲ್ಕು ವರ್ಷದಲ್ಲಿ ಅವರು ನನಗೆ ಖುದ್ದಾಗಿ ಕೊಟ್ಟ ಉತ್ತರ ಅದೊಂದೇ.

ಅಪ್ಪ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಗುಮಾಸ್ತರಾಗಿದ್ದರು. ಮೊಳೆ, ನಟ್ಟು, ಬೋಲ್ಟು ಎಣಿಸಿ ಕೊಡುವುದು ಅವರ ಉದ್ಯೋಗ, ಆದರೆ ಅವರ ಲೆಕ್ಕದಲ್ಲಿ ಅವರೊಬ್ಬ ವಿಚಾರವಂತ. ದೊಡ್ಡ ದೊಡ್ಡ ವಿಜ್ಞಾನಿಗಳೆಲ್ಲ ಶಾಲೆಯ ಮುಖವನ್ನೇ ನೋಡಿದವರಲ್ಲ ಎಂದು ಎಲ್ಲಿಯೋ ಓದಿಕೊಂಡಿದ್ದರು. ಹಾಗಾಗಿ ಶಾಲೆಯನ್ನು ಬೈಯಲು ಒಂದು ನೆಪಕ್ಕಾಗಿ ಕಾಯುತ್ತಿದ್ದರು ಅಂತಲೇ ಹೇಳಬೇಕು. ಒಂದು ದಿನ ಅರ್ಧ ದಿನ ರಜೆ ಹಾಕಿ ಶಾಲೆಗೆ ಬಂದರು. ಆ ಹೊತ್ತಿಗೆ ಸರಿಯಾಗಿ ನಾನೂ ಇನ್ನಿಬ್ಬರು ಹುಡುಗಿಯರೂ ಜಗಲಿಯ ಮೇಲೆ ಕೂತು ಹೆಡ್‌ಮೇಷ್ಟ್ರ ಮನೆಯ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆವು.

"ಏನ್ರೀ ಮೇಷ್ಟ್ರೇ, ಇದೇನಾ ನೀವು ಹೇಳ್ಕೊಡೋ ಪಾಠ?" ಎಂದು ಅಪ್ಪ ಬೀದಿಗೆಲ್ಲ ಕೇಳುವಂತೆ ಕೂಗಿದರು.

"ಇದೂ ಒಂದ್ ಪಾಠವೇ ಸ್ವಾಮಿ. ನಾಳೆ ಗಂಡನ್ ಮನೇಲಿ ಬೇಕಾಯ್ತದೆ," ಎಂದರು ಹೆಡ್‌ಮೇಷ್ಟ್ರು, ಸ್ವಲ್ಪವೂ ಬೇಜಾರಿಲ್ಲದೆ.

"ಇವತ್ತಿಂದ ಇವಳು ನಿಮ್ಮ ಶಾಲೆ ಮೆಟ್ಟಿಲು ಹತ್ತಲ್ಲ. ನಾನೇ ಓದಿಸ್ತೀನಿ."

"ಆಗ್ಲಿ ಬುಡಿ. ಟೀಸಿ ಬರ್ಕೊಡ್ತೀನಿ, ತಕ್ಕೊಂಡೋಗಿ."

"ನಿಮ್ಮ ಟೀಸಿ ನೀವೇ ಇಟ್ಕೊಳ್ಳಿ!" ಎಂದು ಅಪ್ಪ ನನ್ನ ಕೈ ಹಿಡಿದು ಎಳೆದುಕೊಂಡು ಹೊರಟರು. ಟೀಸಿ ಎಂಬ ಕಾಗದವಿಲ್ಲದೆ ಇನ್ನೊಂದು ಶಾಲೆ ಮಗುವನ್ನು ಸೇರಿಸಿಕೊಳ್ಳುವುದಿಲ್ಲ, ಅದನ್ನು ಕೇಳಿ ತೆಗೆದುಕೊಳ್ಳದೆ ಹಳೆಯ ಶಾಲೆಯಲ್ಲಿ ಹೆಸರು ಹೊಡೆದು ಹಾಕುವುದೂ ಇಲ್ಲ. ಕಾರ್ಖಾನೆಯಲ್ಲಿ ಒಂದು ವಾಷರ್ ಕೊಡಬೇಕಾದರೂ ಸಹಿ ಹಾಕಿಸಿಕೊಳ್ಳುತ್ತಿದ್ದ ಮನುಷ್ಯ, ಮಗಳ ವಿಷಯಕ್ಕೆ ಬಂದಾಗ ರೋಷದಿಂದ ಕೈ ಬೀಸಿಕೊಂಡು ಬಂದುಬಿಟ್ಟರು.

ಮರುದಿನದಿಂದ ನಮ್ಮ ಮನೆಯಲ್ಲಿ ಶಾಲೆ ಶುರುವಾಯಿತು. ಶಾಲೆಯನ್ನು ಅಷ್ಟು ದ್ವೇಷಿಸುತ್ತಿದ್ದ ಅಪ್ಪ ಮೊದಲು ಮಾಡಿದ ಕೆಲಸವೆಂದರೆ ನಡುಮನೆಯ ಗೋಡೆಗೆ ಕಪ್ಪು ಬಳಿದದ್ದು. ಎರಡನೆಯದು, ಕಾರ್ಖಾನೆಯಿಂದ ಒಂದು ಕಬ್ಬಿಣದ ತುಂಡು ತಂದು ಬಾಗಿಲಿಗೆ ಕಟ್ಟಿ, ಆರು ಗಂಟೆಗೆ ಸರಿಯಾಗಿ ಬಾರಿಸಿದ್ದು. ನಂತರ ಹಾಜರಿ. "ನಂಬರ್ ಒನ್," ಎಂದು ಅವರು ಕೂಗಬೇಕು, "ಪ್ರೆಸೆಂಟ್ ಸಾರ್," ಎಂದು ನಾನು ಹೇಳಬೇಕು. ಒಂದು ಸಲ ನಿದ್ದೆಗಣ್ಣಿನಲ್ಲಿ "ಪ್ರೆಸೆಂಟ್ ಅಪ್ಪ," ಎಂದದ್ದಕ್ಕೆ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆಯಾಯಿತು. ಮನೆಯಲ್ಲಿ ಬೆಂಚಿರಲಿಲ್ಲವಾದ್ದರಿಂದ ಅಕ್ಕಿಯ ಡಬ್ಬದ ಮೇಲೆ ನಿಂತೆ. ಅಮ್ಮ ಅಡುಗೆಗೆ ಅಕ್ಕಿ ತೆಗೆಯಲು ಶಿಕ್ಷೆ ಮುಗಿಯುವ ತನಕ ಕಾಯಬೇಕಾಯಿತು. ವರ್ಷದ ಕೊನೆಗೆ ಪರೀಕ್ಷೆ ಇಟ್ಟು ನನಗೆ ಮೊದಲನೇ ರ‍್ಯಾಂಕ್ ಕೊಟ್ಟರು. ಕೊನೆಯ ರ‍್ಯಾಂಕೂ ನನ್ನದೇ ಎಂದು ಅಮ್ಮ ಒಳಗಿನಿಂದ ಹೇಳಿದಳು. ಅಪ್ಪನಿಗೆ ನಗು ಬರಲಿಲ್ಲ.

ಏಳೂವರೆಗೆ ಅವರು ಬಸ್ಸು ಹಿಡಿದು ಯಶವಂತಪುರಕ್ಕೆ ಹೋದರೆ ಬರುತ್ತಿದ್ದದ್ದು ಕತ್ತಲಾದ ಮೇಲೆ. ನಡುವಿನ ಹಗಲಿಗೆ ಅವರಿಟ್ಟ ಹೆಸರು ಸ್ವಾಧ್ಯಾಯ. ಅಂದರೆ ನನ್ನ ಪಾಡಿಗೆ ನಾನು. ನಿಜ ಹೇಳಬೇಕೆಂದರೆ, ಆ ಮೂರು ವರ್ಷದಲ್ಲಿ ನಾನು ಕಲಿತದ್ದೆಲ್ಲ ಕಲಿತದ್ದು ಅಪ್ಪ ಮನೆಯಲ್ಲಿಲ್ಲದ ಆ ಹೊತ್ತಿನಲ್ಲಿಯೇ. ಬೆಲ್ಲ ಕಟ್ಟಿಕೊಂಡು ಬಂದ ಪೇಪರು, ಶೆಲ್ಫಿಗೆ ಹಾಸಿದ ಪೇಪರು, ಪಂಚಾಂಗ, ಅಪ್ಪನ ಹಳೆಯ ಡಿಕ್ಷನರಿ ಎಲ್ಲವನ್ನೂ ಓದಿದೆ. ಅರ್ಥವಾಗದ್ದನ್ನು ಅರ್ಥವಾಗುವ ತನಕ ಓದಿದೆ, ಯಾಕೆಂದರೆ ಬೇರೆ ಕೆಲಸ ಇರಲಿಲ್ಲ. ಇದನ್ನು ಕೇಳಿ ಪಾರ್ಕಿನವರು ಸಂತೋಷಪಡಬಹುದು. ಪಡಲಿ. ಆದರೆ ಸಾಯಂಕಾಲ ಶಾಲೆ ಬಿಟ್ಟ ಹುಡುಗಿಯರು ನಮ್ಮ ಗೇಟಿನ ಮುಂದೆ ಹೋಗುವಾಗ "ಏಯ್ ಮನೆ ಇಸ್ಕೂಲು! ಇವತ್ತು ನಿಮ್ಮಪ್ಪ ರಜ ಕೊಟ್ಟವ್ರಾ?" ಎಂದು ಕೂಗಿಕೊಂಡು ಹೋಗುತ್ತಿದ್ದರು. ನಾನು ಒಳಗೆ ಬಂದು ಅಳುತ್ತಿದ್ದೆ. ಅವರು ಆಡಿಕೊಂಡರೆಂದು ಅಳುತ್ತಿರಲಿಲ್ಲ, ಅವರ ಜೊತೆ ನಡೆದು ಹೋಗಲಾಗದ್ದಕ್ಕೆ ಅಳುತ್ತಿದ್ದೆ.

ಭಾನುವಾರಗಳಂದು ಇನ್ನೊಂದು ಹಿಂಸೆ. ಅಪ್ಪನ ಆಫೀಸಿನವರು ಬಂದು ಕೂತು ಕಾಫಿ ಕುಡಿಯುವಾಗ ನನ್ನನ್ನು ಕರೆದು ನಿಲ್ಲಿಸುತ್ತಿದ್ದರು. "ಏನ್ ಬೇಕಾದ್ರೂ ಕೇಳಿ ಇವಳನ್ನ. ಸ್ಕೂಲಿಗೆ ಹೋಗೋಳಲ್ಲ, ಕೇಳಿ!" ಎಂದು ಅಪ್ಪ ಹೇಳುತ್ತಿದ್ದರು. ಅವರು ಯಾವುದೋ ದೇಶದ ರಾಜಧಾನಿ ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ, ಅವರು ತಲೆದೂಗಿ ಕೋಡುಬಳೆ ಮುರಿಯುತ್ತಿದ್ದರು. ಅವರಲ್ಲಿ ಒಬ್ಬರಾದರೂ ತಮ್ಮ ಮಗುವನ್ನು ಶಾಲೆ ಬಿಡಿಸಿದ್ದನ್ನು ನಾನು ಕಾಣೆ. ಇಂಥ ಆದರ್ಶ ಬೇರೆಯವರ ಮನೆಯಲ್ಲಿದ್ದರೆ ನೋಡಲು ಚೆಂದ.

ನನಗೆ ಬೇಕಾಗಿದ್ದದ್ದು ಒಂದೇ. ಯಲಹಂಕದಲ್ಲಿ ಹೆಣ್ಣುಮಕ್ಕಳ ಹೈಸ್ಕೂಲಿತ್ತು. ಬೆಳಗ್ಗೆ ನಮ್ಮ ರಸ್ತೆಯಲ್ಲಿ ಎಂಟು ಹತ್ತು ಹುಡುಗಿಯರು ನೀಲಿ ಲಂಗ ಹಾಕಿಕೊಂಡು, ರಸ್ತೆಯ ಅಗಲಕ್ಕೂ ಸಾಲಾಗಿ, ಲಾರಿಯವನು ಹಾರನ್ ಹೊಡೆದರೂ ದಾರಿ ಬಿಡದೆ ಅಲ್ಲಿಗೆ ನಡೆದು ಹೋಗುತ್ತಿದ್ದರು. ನನಗೆ ಆ ಸಾಲಿನಲ್ಲಿ ಒಂದು ಜಾಗ ಬೇಕಿತ್ತು. ಹೈಸ್ಕೂಲು ಸೇರಬೇಕಾದರೆ ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ ಪಾಸು ಮಾಡಬೇಕು, ಆ ಪರೀಕ್ಷೆಗೆ ಕೂರಬೇಕಾದರೆ ಯಾವುದಾದರೂ ಶಾಲೆಯಲ್ಲಿ ಹೆಸರಿರಬೇಕು. ನಾನು ಕೇಳಿದಾಗ ಅಪ್ಪ, "ಹೈಸ್ಕೂಲೂ ಮನೇಲೇ ಓದ್ಬಹುದು," ಎಂದರು. ಆಮೇಲೆ ಕಾಲೇಜೂ ಮನೆಯಲ್ಲೇ. ಆಮೇಲೆ ಮದುವೆ, ಅದು ಇನ್ನೊಂದು ಮನೆಯಲ್ಲಿ. ನನಗೆ ಭಯವಾಗಿತ್ತು.

ಮನೆಯ ಓದಿನ ಮೂರನೇ ವರ್ಷ, ಚಳಿಗಾಲದಲ್ಲಿ ಎಲ್ಲರ ಬಾಯಲ್ಲೂ ಗ್ರಹಣದ ಮಾತೇ. ದೊಡ್ಡ ಸೂರ್ಯಗ್ರಹಣ ಬರುವುದಿತ್ತು, ಹೊರಗೆ ಬರಬೇಡಿ ಎಂದು ಬೀದಿಯಲ್ಲೆಲ್ಲ ಹೇಳುತ್ತಿದ್ದರು. ಅಪ್ಪ ಬಹಳ ಉತ್ಸಾಹದಿಂದ ಪಾಠ ಏರ್ಪಡಿಸಿದರು. ದೀಪ ಸೂರ್ಯ, ನಿಂಬೆಹಣ್ಣು ಚಂದ್ರ, ತೆಂಗಿನಕಾಯಿ ಭೂಮಿ. ನಿಂಬೆಹಣ್ಣಿನ ನೆರಳು ತೆಂಗಿನಕಾಯಿಯ ಮೇಲೆ ಬಿದ್ದದ್ದನ್ನು ತೋರಿಸಿ "ನೋಡಿದ್ಯಾ?" ಎಂದರು.

"ಹಾಗಾದ್ರೆ ಪ್ರತಿ ಅಮಾವಾಸ್ಯೆಗೂ ಚಂದ್ರ ಮಧ್ಯಕ್ಕೆ ಬರ್ತಾನಲ್ಲ ಅಪ್ಪ, ಪ್ರತಿ ಸಲವೂ ಯಾಕೆ ಗ್ರಹಣ ಆಗಲ್ಲ?" ಎಂದು ಕೇಳಿದೆ.

ಅಪ್ಪ ನಿಂಬೆಹಣ್ಣನ್ನು ಕೆಳಗಿಟ್ಟರು. "ಅದು ಮುಂದಿನ ಪಾಠ," ಎಂದು ಹೇಳಿ ಬಸ್ಸಿಗೆ ಹೊರಟುಬಿಟ್ಟರು. ಆ ಮುಂದಿನ ಪಾಠ ಬರಲೇ ಇಲ್ಲ. ಗೊತ್ತಿಲ್ಲ ಎಂಬ ಒಂದು ಮಾತನ್ನು ಹೇಳಲು ಹೆಡ್‌ಮೇಷ್ಟ್ರಿಗೂ ಬರುತ್ತಿರಲಿಲ್ಲ, ಅಪ್ಪನಿಗೂ ಬರುತ್ತಿರಲಿಲ್ಲ. ಆ ಒಂದು ವಿಷಯದಲ್ಲಿ ಸರ್ಕಾರಿ ಶಾಲೆಗೂ ಮನೆಯ ಶಾಲೆಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಹಗಲೆಲ್ಲ ನಾನೇ ಕಿಟಕಿ ಮುಚ್ಚಿ ದೀಪ ಹಚ್ಚಿಕೊಂಡು ನಿಂಬೆಹಣ್ಣು ಹಿಡಿದು ಕೂತೆ. ಕೈ ಸೋತು ಹಣ್ಣು ಸ್ವಲ್ಪ ಕೆಳಗಿಳಿಯಿತು. ನೆರಳು ತೆಂಗಿನಕಾಯಿಯನ್ನು ತಪ್ಪಿಸಿಕೊಂಡು ಗೋಡೆಗೆ ಹೋಯಿತು. ಮೇಲೆತ್ತಿದೆ, ಮೇಲಿನಿಂದ ತಪ್ಪಿತು. ಅಂದರೆ ಚಂದ್ರ ಒಂದೇ ಮಟ್ಟದಲ್ಲಿ ತಿರುಗುತ್ತಿಲ್ಲ, ವಾರೆಯಾಗಿ ತಿರುಗುತ್ತಿದ್ದಾನೆ! ಅಮ್ಮನ ದೊಡ್ಡ ಬಳೆಯೊಳಗೆ ನನ್ನ ಚಿಕ್ಕ ಬಳೆ ಇಟ್ಟು ಸ್ವಲ್ಪ ವಾರೆ ಮಾಡಿ ನೋಡಿದೆ. ಚಿಕ್ಕ ಬಳೆಯ ಅರ್ಧ ಮೇಲೆ, ಅರ್ಧ ಕೆಳಗೆ, ಎರಡೇ ಕಡೆ ಮಾತ್ರ ಎರಡೂ ಸಮ. ಅಮಾವಾಸ್ಯೆ ಆ ಎರಡು ಕಡೆ ಬಂದರೆ ಮಾತ್ರ ಗ್ರಹಣ. ಅಡುಗೆಮನೆಗೆ ಓಡಿಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ಹಿಟ್ಟಿನ ಕೈಯಲ್ಲೇ ಬಳೆ ಹಿಡಿದು ನೋಡಿ, "ಹೌದಲ್ವೇ," ಎಂದಳು. ಅಷ್ಟು ಸಂತೋಷ ನನಗೆ ಯಾವ ರ‍್ಯಾಂಕಿನಿಂದಲೂ ಆಗಿರಲಿಲ್ಲ.

ಅದಾದ ಕೆಲವೇ ದಿನಕ್ಕೆ ಒಂದು ಗುರುವಾರ ಸಾಯಂಕಾಲ ಹೆಡ್‌ಮೇಷ್ಟ್ರು ಸೈಕಲ್ ಮೇಲೆ ನಮ್ಮ ಮನೆಗೆ ಬಂದರು. ಅಪ್ಪ ಆಗತಾನೆ ಬಂದು ಕಾಲು ತೊಳೆಯುತ್ತಿದ್ದರು. ಹೆಡ್‌ಮೇಷ್ಟ್ರು ಏನೂ ಆಗಿಲ್ಲವೆಂಬಂತೆ ಕೂತು, ಅಮ್ಮ ಕೊಟ್ಟ ಕಾಫಿ ಕುಡಿದು, "ನಾಳೆ ಇನ್‌ಸ್ಪೆಟ್ರು ಬತ್ತಾವ್ರೆ ಸ್ವಾಮಿ. ಮಗೂನ ಒಂದಿನದ ಮಟ್ಟಿಗೆ ಕಳ್ಸಿ," ಎಂದರು.

"ನಮ್ಮ ಮಗೂನ ಯಾಕ್ರೀ ಕಳಿಸ್ಬೇಕು?"

"ಯಾಕೆ ಅಂದ್ರೆ? ನಮ್ ಇಸ್ಕೂಲ್ ಮಗು ಅಲ್ವಾ? ನೀವು ಟೀಸಿ ತಕ್ಕೊಂಡಿಲ್ವಲ್ಲ. ಏಳ್ನೇ ಕ್ಲಾಸು ಈಗ." ಹೆಡ್‌ಮೇಷ್ಟ್ರು ನನ್ನ ಕಡೆ ತಿರುಗಿ ನಕ್ಕರು. "ಎಲ್ಲಾ ವರ್ಷಾನೂ ಪಾಸಾಗಿದೀಯ ಕಣಮ್ಮ. ಪಬ್ಲಿಕ್ ಪರೀಕ್ಷೆಗೂ ಎಸ್ರು ಕಳ್ಸಿವ್ನಿ."

ಮಕ್ಕಳ ಸಂಖ್ಯೆ ಕಮ್ಮಿಯಾದರೆ ಇಬ್ಬರಲ್ಲಿ ಒಬ್ಬ ಮೇಷ್ಟ್ರ ಹುದ್ದೆಯನ್ನು ಮೇಲಿನವರು ಎತ್ತಿಬಿಡುತ್ತಾರೆ. ಅದಕ್ಕೇ ಬಿಟ್ಟುಹೋದ ಮಕ್ಕಳನ್ನೆಲ್ಲ ಬರಹದಲ್ಲಿ ಉಳಿಸಿಕೊಂಡು, ವರ್ಷ ವರ್ಷವೂ ಪಾಸು ಮಾಡಿಸಿ, ಇನ್ಸ್‌ಪೆಕ್ಟರ್ ಬರುವ ದಿನ ಮನೆಮನೆಗೆ ಹೋಗಿ ಎರವಲು ತರುವುದು ಆ ಸುತ್ತಿನ ಶಾಲೆಗಳಲ್ಲಿ ನಡೆದುಕೊಂಡು ಬಂದ ಪದ್ಧತಿಯಂತೆ. ನಾನು ಅಕ್ಕಿ ಡಬ್ಬದ ಮೇಲೆ ನಿಂತಿದ್ದ ದಿನಗಳಲ್ಲೆಲ್ಲ ಅಲ್ಲಿ ನನಗೆ ಹಾಜರಿ ಬೀಳುತ್ತಿತ್ತು.

"ಇದು ಮೋಸ ಕಣ್ರೀ!" ಅಪ್ಪ ಕೂಗಿದರು.

"ಮೋಸ ಯಾರ್ಗಾಯ್ತು ಸ್ವಾಮಿ? ನಿಮ್ ಮಗ್ಳು ಎಲ್ಡು ಕಡೆ ಓದ್ದಂಗಾಯ್ತು."

ಅಪ್ಪ ಇನ್ನೂ ಕೂಗುತ್ತಾರೆಂದುಕೊಂಡೆ. ಅವರು ತಟ್ಟನೆ ಮೆತ್ತಗಾಗಿ "ಸರಿ, ಕಳಿಸ್ತೀನಿ," ಎಂದರು. ಸೈಕಲ್ಲು ತಿರುವು ದಾಟಿದ ಮೇಲೆ ಅವರ ಲೆಕ್ಕಾಚಾರ ಹೊರಬಿತ್ತು. "ಇವಳು ಅಲ್ಲಿ ಎಲ್ಲರಿಗಿಂತ ಚೆನ್ನಾಗಿ ಉತ್ತರ ಹೇಳ್ತಾಳೆ. ಯಾರು ಹೇಳ್ಕೊಟ್ಟಿದ್ದು ಅಂತ ಇನ್ಸ್‌ಪೆಕ್ಟರು ಕೇಳೇ ಕೇಳ್ತಾರೆ. ನಮ್ಮಪ್ಪ, ಮನೇಲಿ, ಅನ್ನು. ಮೂರು ವರ್ಷದಿಂದ ನಾನು ಸ್ಕೂಲಿಗೆ ಬಂದಿಲ್ಲ ಅನ್ನು. ಆಗ ನೋಡು ಆ ಮೇಷ್ಟ್ರ ಮುಖ!"

"ಹೆಸರು ಹೊಡೆದು ಹಾಕಿಬಿಟ್ರೆ ಪರೀಕ್ಷೆ ಗತಿ ಏನು?" ಎಂದು ಕೇಳಿದಳು ಅಮ್ಮ.

"ಯಾರಿಗೆ ಬೇಕು ಆ ಪರೀಕ್ಷೆ? ನನ್ನ ಮಗಳಿಗೆ ಸರ್ಟಿಫಿಕೇಟ್ ಬೇಕಾ?"

ಬೇಕಾ ಎಂದು ಅವರು ಕೇಳಿದ್ದು ಅಮ್ಮನನ್ನು. ನಾನು ಅಲ್ಲೇ ನಿಂತಿದ್ದೆ. ಮಗುವಿಗೆ ಏನು ಬೇಕೋ ಅದನ್ನೇ ಕಲಿಯಲು ಬಿಡಬೇಕು ಎಂದು ಆಫೀಸಿನವರಿಗೆಲ್ಲ ಉಪದೇಶ ಮಾಡುತ್ತಿದ್ದ ಮನುಷ್ಯ, ನಿನಗೇನು ಬೇಕು ಎಂದು ನನ್ನನ್ನು ಒಂದು ಮಾತು ಕೇಳಲಿಲ್ಲ.

ಶುಕ್ರವಾರ ಶಾಲೆ ತುಂಬಿ ತುಳುಕುತ್ತಿತ್ತು. ದ್ರಾಕ್ಷಿ ತೋಟದಿಂದ, ಇಟ್ಟಿಗೆ ಗೂಡಿನಿಂದ, ಎಮ್ಮೆಯ ಹಿಂದಿನಿಂದ ಮಕ್ಕಳನ್ನು ಹಿಡಿದು ತಂದಿದ್ದರು. ಮೀಸೆ ಮೂಡಿದ್ದ ಒಬ್ಬ ತನ್ನ ಎತ್ತಿನಗಾಡಿಯನ್ನು ಹೊರಗೆ ನಿಲ್ಲಿಸಿ ಬಂದು ಐದನೇ ತರಗತಿಯ ಕೊನೆಯ ಸಾಲಿನಲ್ಲಿ ಕೂತಿದ್ದ. ಏಳನೆಯವರ ಮುಂದಿನ ಸಾಲಿನಲ್ಲಿ ಹೆಡ್‌ಮೇಷ್ಟ್ರು ನನ್ನನ್ನು ಕೂರಿಸಿದರು. ಪಕ್ಕದ ಹುಡುಗಿ, ಗೇಟಿನ ಮುಂದೆ ನನ್ನನ್ನು ಆಡಿಕೊಳ್ಳುತ್ತಿದ್ದವಳೇ, ಗೋಣಿತಾಟಿನಲ್ಲಿ ಜರುಗಿ ಜಾಗ ಕೊಟ್ಟು, "ಕುಂತ್ಕೊ ಬಾ," ಎಂದಳು. ಇಷ್ಟು ಸಣ್ಣ ಮಾತಿಗೆ ನನ್ನ ಕಣ್ಣಲ್ಲಿ ನೀರು ತುಂಬಿತು. ಕಿಟಕಿಯ ಹೊರಗೆ ಅಪ್ಪ ನಿಂತಿದ್ದರು, ಮತ್ತೆ ಅರ್ಧ ದಿನ ರಜೆ ಹಾಕಿ.

ಇನ್ಸ್‌ಪೆಕ್ಟರ್ ಬಂದು ಕೂತರು. ಹೆಡ್‌ಮೇಷ್ಟ್ರು ಒಂದು ತಿಂಗಳಿಂದ ಅಭ್ಯಾಸ ಮಾಡಿಸಿದ್ದ ಪಾಠವನ್ನು ಹೊಸದಾಗಿ ಮಾಡುವವರಂತೆ ಮಾಡಿದರು. ಪ್ರಶ್ನೆ ಬಾಯಿಂದ ಪೂರ್ತಿ ಹೊರಡುವ ಮೊದಲೇ ಮಕ್ಕಳು ಉತ್ತರ ಕೂಗುತ್ತಿದ್ದರು. ಇನ್ಸ್‌ಪೆಕ್ಟರ್ ಆಕಳಿಸಿದರು. ಆಮೇಲೆ ಎದ್ದು, "ಗ್ರಹಣ ಬರ್ತಿದೆಯಲ್ಲ, ಯಾರಾದ್ರೂ ಹೇಳಿ ನೋಡೋಣ, ಪ್ರತಿ ಅಮಾವಾಸ್ಯೆಗೂ ಯಾಕೆ ಗ್ರಹಣ ಆಗಲ್ಲ?" ಎಂದು ಕೇಳಿದರು.

ಮಕ್ಕಳೆಲ್ಲ ಹೆಡ್‌ಮೇಷ್ಟ್ರ ಮುಖ ನೋಡಿದರು. ಹೆಡ್‌ಮೇಷ್ಟ್ರು ಸೂರು ನೋಡಿದರು. ಕಿಟಕಿಯ ಹೊರಗೆ ಅಪ್ಪನೂ ಎತ್ತಲೋ ನೋಡುತ್ತಿದ್ದರು. ನಾನು ಎದ್ದು ನಿಂತು, ಪಕ್ಕದವಳ ಕೈಯಿಂದ ಒಂದು ದೊಡ್ಡ ಬಳೆ ಇಸಕೊಂಡು, ನನ್ನ ಚಿಕ್ಕ ಬಳೆಯನ್ನು ಅದರೊಳಗೆ ವಾರೆಯಾಗಿ ಹಿಡಿದು ತೋರಿಸಿ ಹೇಳಿದೆ. ಇನ್ಸ್‌ಪೆಕ್ಟರ್ ಹತ್ತಿರ ಬಂದು ಬಗ್ಗಿ ನೋಡಿದರು.

"ಭೇಷ್! ಇದನ್ನ ನಿನಗೆ ಯಾರಮ್ಮ ಹೇಳ್ಕೊಟ್ಟಿದ್ದು?"

ಅಪ್ಪ ಕಿಟಕಿಯ ಸರಳು ಹಿಡಿದುಕೊಂಡು ಎದೆಯುಬ್ಬಿಸಿ ನಿಂತರು. ಹೆಡ್‌ಮೇಷ್ಟ್ರ ಮುಖದಲ್ಲಿ ರಕ್ತವಿರಲಿಲ್ಲ. ಇಬ್ಬರನ್ನೂ ನೋಡಿದೆ. ಒಬ್ಬರು ನನಗೆ ಅಕ್ಕಿಯಲ್ಲಿ ಕಲ್ಲು ಆರಿಸಲು ಹೇಳಿಕೊಟ್ಟವರು, ಇನ್ನೊಬ್ಬರು ಅಕ್ಕಿ ಡಬ್ಬದ ಮೇಲೆ ನಿಲ್ಲಲು ಹೇಳಿಕೊಟ್ಟವರು. ಯಾರೂ ಹೇಳಿಕೊಡಲಿಲ್ಲ ಎಂಬುದು ನಿಜ, ಆದರೆ ಆ ನಿಜದಿಂದ ಹೈಸ್ಕೂಲು ಸಿಗುತ್ತಿರಲಿಲ್ಲ.

"ನಮ್ಮ ಹೆಡ್‌ಮೇಷ್ಟ್ರು ಸಾರ್," ಎಂದೆ.

ಇನ್ಸ್‌ಪೆಕ್ಟರ್ ಹೆಡ್‌ಮೇಷ್ಟ್ರ ಬೆನ್ನು ತಟ್ಟಿದರು. ಇಂಥ ಕುಗ್ರಾಮದಲ್ಲಿ ಇಂಥ ಪಾಠ ಎಂದು ಹೊಗಳಿದರು. ಹೆಡ್‌ಮೇಷ್ಟ್ರು ತಲೆ ತಗ್ಗಿಸಿ, ತಾವು ಅದನ್ನು ನಿಜಕ್ಕೂ ಹೇಳಿಕೊಟ್ಟಿದ್ದರೆ ಎಷ್ಟು ವಿನಯ ತೋರಿಸುತ್ತಿದ್ದರೋ ಅಷ್ಟೇ ವಿನಯ ತೋರಿಸಿದರು. ನಾನು ಕಿಟಕಿಯ ಕಡೆ ತಿರುಗುವಷ್ಟರಲ್ಲಿ ಅಲ್ಲಿ ಯಾರೂ ಇರಲಿಲ್ಲ.

ಮನೆಗೆ ಬಂದಾಗ ಅಪ್ಪ ಅಂಗಿಯನ್ನೂ ಬಿಚ್ಚದೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಅಮ್ಮ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಇಬ್ಬರ ನಡುವೆ ಮಾತು ನಡೆದು ಮುಗಿದಿತ್ತು ಎಂದು ನೋಡಿದ ಕೂಡಲೇ ಗೊತ್ತಾಯಿತು.

"ಯಾಕೆ ಹಾಗಂದೆ?" ಅಪ್ಪ ತಿರುಗದೆಯೇ ಕೇಳಿದರು.

"ನೀವೇ ಹೇಳ್ತಿದ್ರಲ್ಲ, ಬೇರೆಯವರು ಹೇಳ್ಕೊಟ್ಟಿದ್ದನ್ನ ಒಪ್ಪಿಸ್ಬಾರ್ದು, ಸ್ವಂತ ಬುದ್ಧಿ ಉಪಯೋಗಿಸ್ಬೇಕು ಅಂತ."

"ನನ್ನ ಮೇಲೇ ಉಪಯೋಗಿಸು ಅಂತ ಹೇಳಿರ್ಲಿಲ್ಲ."

ನನಗೆ ಪಾಪ ಅನ್ನಿಸಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ತಪ್ಪು ಮಾಡಿದೆ ಎಂದು ಅವತ್ತೂ ಅನ್ನಿಸಲಿಲ್ಲ, ಇವತ್ತೂ ಅನ್ನಿಸುವುದಿಲ್ಲ. ನಾನು ಅಮ್ಮನ ಪಕ್ಕ ಕೂತು ಅವರೆಕಾಯಿ ಬಿಡಿಸತೊಡಗಿದೆ. ಸ್ವಲ್ಪ ಹೊತ್ತಾದ ಮೇಲೆ ಅಮ್ಮ, ಅಡುಗೆ ಏನು ಮಾಡಲಿ ಎಂದು ಕೇಳುವಷ್ಟು ಸಲೀಸಾಗಿ, "ನಾಳೆ ಸ್ಕೂಲು ಎಷ್ಟು ಗಂಟೆಗೆ?" ಎಂದು ನನ್ನನ್ನು ಕೇಳಿದಳು.

ಶಾಲೆ ಬಿಟ್ಟು ಮೂರು ವರ್ಷವಾಗಿತ್ತು. ಹತ್ತಕ್ಕೋ ಹತ್ತೂವರೆಗೋ ನನಗೆ ನೆನಪಿರಲಿಲ್ಲ. ಗೊತ್ತಿಲ್ಲ ಎಂದೆ.

"ನಾಳೆ ಶನಿವಾರ," ಎಂದರು ಅಪ್ಪ, ಗೋಡೆಯ ಕಡೆಯೇ ಮುಖವಿಟ್ಟುಕೊಂಡು. "ಶನಿವಾರ ಎಂಟಕ್ಕೇ. ಬೇಗ ಎಬ್ಬಿಸು ಅವಳನ್ನ."